ಕಣ್ಣಿಗೆ ಕಂಡಷ್ಟು

ಕ್ಯಾನ್ಸರ್ ಗಡ್ಡೆಯ ಆಪರೇಷನ್ ಮುಗಿಸಿ ಹೊರಬರುವ ಡಾಕ್ಟರರನ್ನು ಮನೆಯವರು ಸುತ್ತುವರಿದು ಮೊದಲು ಕೇಳುವುದು ಒಂದೇ ಪ್ರಶ್ನೆ: “ಪೂರ್ತಿ ತೆಗೆದಿರಾ ಸಾರ್?” ಪ್ರಾಮಾಣಿಕ ಡಾಕ್ಟರರ ಉತ್ತರವೂ ಸಾಮಾನ್ಯವಾಗಿ ಒಂದೇ: “ಕಣ್ಣಿಗೆ ಕಂಡಷ್ಟನ್ನೆಲ್ಲ ತೆಗೆದಿದ್ದೇವೆ.” ಆ ‘ಕಂಡಷ್ಟು’ ಎಂಬ ಮಾತಿನೊಳಗೆ ಒಂದು ಭಯ ಅಡಗಿದೆ. ಕಾಣದೆ ಉಳಿದದ್ದು ಎಷ್ಟು? ಈ ಪ್ರಶ್ನೆಯ ಬೆನ್ನುಹತ್ತಿದವರ ಚರಿತ್ರೆ ಮುಕ್ಕಾಲು ಶತಮಾನಕ್ಕೂ ಹಳೆಯದು.

ಗಡ್ಡೆಯೆಂಬುದು ಬೇಲಿ ಹಾಕಿದ ಹೊಲದಂತಲ್ಲ. ಅದರ ಅಂಚು ಬೇರು ಬಿಟ್ಟಂತೆ ಒಳ್ಳೆಯ ಅಂಗಾಂಶದೊಳಗೆ ಹೊಕ್ಕಿರುತ್ತದೆ. ಸ್ಕ್ಯಾನ್ ಚಿತ್ರ ಅದರ ಜಾಗವನ್ನು ಮೊದಲೇ ತೋರಿಸಿದರೂ, ಕತ್ತಿ ಹಿಡಿದ ಹೊತ್ತಿನಲ್ಲಿ ಶಸ್ತ್ರವೈದ್ಯರು ಬಹುಮಟ್ಟಿಗೆ ನಂಬಬೇಕಾದುದು ತಮ್ಮ ಕಣ್ಣು ಮತ್ತು ಬೆರಳ ತುದಿಯನ್ನೇ. ಕಡಿಮೆ ತೆಗೆದರೆ ರೋಗ ಮರಳುತ್ತದೆ. ಹೆಚ್ಚು ತೆಗೆದರೆ, ಅದರಲ್ಲೂ ಮೆದುಳಿನಲ್ಲಿ, ರೋಗಿಯ ಮಾತೋ ಕೈಕಾಲಿನ ಶಕ್ತಿಯೋ ಹೋಗಬಹುದು.

1947ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಯುವ ಶಸ್ತ್ರವೈದ್ಯ ಜಾರ್ಜ್ ಮೂರ್ ಒಂದು ಉಪಾಯ ಮುಂದಿಟ್ಟರು. ಫ್ಲೋರೆಸಿನ್ ಎಂಬ ಹಳದಿ ಬಣ್ಣವನ್ನು ರಕ್ತನಾಳಕ್ಕೆ ಚುಚ್ಚಿ, ನೇರಳಾತೀತ ಬೆಳಕಿನಲ್ಲಿ ನೋಡಿದರೆ ಗಡ್ಡೆ ಹೊಳೆಯುತ್ತಿತ್ತು. ಈ ಬಣ್ಣವನ್ನು ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ 1871ರಲ್ಲೇ ತಯಾರಿಸಿದ್ದರು. ಮರುವರ್ಷ ಮೂರ್ ಇದನ್ನು ಮೆದುಳಿನ ಗಡ್ಡೆಗಳನ್ನು ಗುರುತಿಸಲು ಬಳಸಿದ ವರದಿಯೂ ಬಂತು. ಆದರೆ ಈ ಬಣ್ಣಕ್ಕೆ ಕ್ಯಾನ್ಸರಿನ ಗುರುತೇ ಇರಲಿಲ್ಲ. ಗಡ್ಡೆಯಿಂದ ಹಾಳಾದ ರಕ್ತನಾಳಗಳಿಂದ ಅದು ಸೋರಿ ಅಲ್ಲಿ ನಿಲ್ಲುತ್ತಿತ್ತು, ಅಷ್ಟೆ. ಪಕ್ಕದಲ್ಲಿ ಬಾವು ಇದ್ದರೆ ಅಲ್ಲಿಯೂ ಸೋರುತ್ತಿತ್ತು.

ಮುಂದಿನ ದೊಡ್ಡ ಹೆಜ್ಜೆ ಜರ್ಮನಿಯದು. ವಾಲ್ಟರ್ ಸ್ಟುಮ್ಮರ್ ಮತ್ತು ಸಂಗಡಿಗರು ಆಪರೇಷನ್ನಿಗೆ ಕೆಲವು ಗಂಟೆ ಮೊದಲು ರೋಗಿಗೆ 5-ಎಎಲ್‌ಎ ಎಂಬ ಔಷಧವನ್ನು ನೀರಿನಲ್ಲಿ ಕರಗಿಸಿ ಕುಡಿಸಿದರು. ನಮ್ಮ ದೇಹ ರಕ್ತದ ಕೆಂಪು ವಸ್ತುವನ್ನು ತಯಾರಿಸುವ ದಾರಿಯಲ್ಲಿ ಬರುವ ಪದಾರ್ಥವೇ ಇದು. ಉಗ್ರವಾದ ಮೆದುಳು ಗಡ್ಡೆಯ ಜೀವಕೋಶಗಳಲ್ಲಿ ಇದರಿಂದ ಹುಟ್ಟಿದ ವಸ್ತು ಹೆಚ್ಚಾಗಿ ಶೇಖರವಾಗಿ, ನೀಲಿ-ನೇರಳೆ ಬೆಳಕಿನಲ್ಲಿ ಕೆಂಪಗೆ ಹೊಳೆಯುತ್ತದೆ. 2006ರಲ್ಲಿ 270 ರೋಗಿಗಳ ಲೆಕ್ಕ ಪ್ರಕಟವಾಯಿತು. ಮಾಮೂಲಿ ಬೆಳಕಿನಲ್ಲಿ ಆಪರೇಷನ್ ಆದವರಲ್ಲಿ ಸ್ಕ್ಯಾನಿಗೆ ಕಾಣುವ ಗಡ್ಡೆ ಪೂರ್ತಿ ಹೋದದ್ದು ಶೇ. 36 ಜನರಲ್ಲಿ, ಹೊಳಪಿನ ನೆರವು ಸಿಕ್ಕವರಲ್ಲಿ ಶೇ. 65. ಆರು ತಿಂಗಳವರೆಗೆ ರೋಗ ಮುಂದುವರಿಯದೆ ಇದ್ದವರ ಪ್ರಮಾಣವೂ ಶೇ. 21ರಿಂದ 41ಕ್ಕೆ ಏರಿತು. ಆದರೆ ಒಟ್ಟು ಆಯುಷ್ಯದಲ್ಲಿ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಯೂರೋಪಿನಲ್ಲಿ 2007ರಲ್ಲಿ, ಅಮೆರಿಕದಲ್ಲಿ 2017ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು.

ಈ ನಡುವೆ ಇನ್ನೊಂದು ಯೋಚನೆ ಬೆಳೆಯಿತು: ಬಣ್ಣದ ಕೈಗೆ ಒಂದು ವಿಳಾಸ ಕೊಟ್ಟು ಕಳಿಸಿದರೆ? ಅಂಡಾಶಯದ ಕ್ಯಾನ್ಸರ್ ಕೋಶಗಳಲ್ಲಿ ಹೆಚ್ಚಿನವು ಫೋಲೇಟ್ ಎಂಬ ವಿಟಮಿನ್ನನ್ನು ಹಿಡಿದುಕೊಳ್ಳುವ ಕೊಂಡಿಗಳನ್ನು ತಮ್ಮ ಮೈಮೇಲೆ ವಿಪರೀತವಾಗಿ ಹೊತ್ತಿರುತ್ತವೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಫಿಲಿಪ್ ಲೋ ಈ ವಿಟಮಿನ್ನಿಗೇ ಬಣ್ಣವನ್ನು ಕಟ್ಟಿದರು. ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್‌ನಲ್ಲಿ ವಾನ್ ಡಾಮ್ ಅವರ ತಂಡ ಅದನ್ನು ಮೊದಲ ಬಾರಿಗೆ ರೋಗಿಗಳ ಆಪರೇಷನ್ನಿನಲ್ಲಿ ಪ್ರಯೋಗಿಸಿ 2011ರಲ್ಲಿ ವರದಿ ಮಾಡಿತು. ಕಟ್ಟಿದ್ದ ಬಣ್ಣ ಯಾವುದು ಗೊತ್ತೇ? ಮೂರ್ ಬಳಸಿದ ಫ್ಲೋರೆಸಿನ್ನಿನ ವಂಶದ್ದೇ. ಅಂದು ಗುರಿಯಿಲ್ಲದೆ ಸೋರಿದ್ದ ಬಣ್ಣ ಅರುವತ್ತನಾಲ್ಕು ವರ್ಷಗಳ ನಂತರ ವಿಳಾಸ ಹುಡುಕಿಕೊಂಡು ಹೋಯಿತು.

ಆದರೂ ಒಂದು ತೊಡಕು ಉಳಿಯಿತು. ಹಸಿರು ಬೆಳಕು ಮಾಂಸದೊಳಗೆ ಆಳಕ್ಕೆ ಇಳಿಯದು. ಮೇಲಾಗಿ ಒಳ್ಳೆಯ ಅಂಗಾಂಶವೂ ಅದೇ ಬಣ್ಣದಲ್ಲಿ ತುಸು ಮಿನುಗುತ್ತದೆ. ಹಾಗಾಗಿ ಕಣ್ಣಿಗೆ ಕಾಣದ, ಕ್ಯಾಮೆರಾಕ್ಕಷ್ಟೇ ಕಾಣುವ ಇನ್‌ಫ್ರಾರೆಡ್ ಬಣ್ಣವನ್ನು ಫೋಲೇಟ್‌ಗೆ ಜೋಡಿಸಿದರು. ಪಾಫೋಲಾಸಿಯಾನಿನ್ ಎಂಬ ಈ ಔಷಧಕ್ಕೆ 2021ರ ನವೆಂಬರಿನಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಪರೀಕ್ಷೆಗೊಳಗಾದ 134 ಮಹಿಳೆಯರಲ್ಲಿ ಶೇ. 26.9 ಮಂದಿಯಲ್ಲಿ, ಕಣ್ಣಿಗೂ ಬೆರಳಿಗೂ ಸಿಗದ ಕನಿಷ್ಠ ಒಂದು ಕ್ಯಾನ್ಸರ್ ತಾಣ ಪತ್ತೆಯಾಗಿತ್ತು. 2022ರಲ್ಲಿ ಶ್ವಾಸಕೋಶದ ಆಪರೇಷನ್ನಿಗೂ ಅದು ಬಂತು. 2024ರ ಏಪ್ರಿಲ್‌ನಲ್ಲಿ ಸ್ತನ ಕ್ಯಾನ್ಸರಿಗೆ ಒಪ್ಪಿಗೆ ಪಡೆದ ಪೆಗುಲಿಸಿಯಾನಿನ್ ಇನ್ನೂ ಜಾಣ: ಗಡ್ಡೆಯ ಕಿಣ್ವಗಳು ಅದನ್ನು ಕತ್ತರಿಸಿದಾಗ ಮಾತ್ರ ಹೊಳೆಯುತ್ತದೆ.

ಇವು ಯಾವುವೂ ಕ್ಯಾನ್ಸರನ್ನು ಕೊಲ್ಲುವುದಿಲ್ಲ. ಹೊಳೆದದ್ದೆಲ್ಲ ಕ್ಯಾನ್ಸರಲ್ಲ, ಆಳದಲ್ಲಿ ಅಡಗಿದ್ದು ಹೊಳೆಯದೆಯೂ ಇರಬಹುದು. ಕೊನೆಗೆ ಎಷ್ಟು ಕತ್ತರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ತೀರ್ಮಾನಿಸುವುದು ಮನುಷ್ಯನೇ. ಡಾಕ್ಟರರು ಇಂದಿಗೂ “ಕಂಡಷ್ಟನ್ನು ತೆಗೆದಿದ್ದೇವೆ” ಎಂದೇ ಹೇಳಬೇಕು. ಆದರೆ ಆ ಕಾಣುವಿಕೆಯ ಗಡಿ ಮೂರ್ ಅವರ ಕಾಲದಲ್ಲಿ ಇದ್ದಲ್ಲೇ ಇಲ್ಲ. ಬಾಗಿಲ ಹೊರಗೆ ಕಾದು ಕುಳಿತವರಿಗೆ ಅಷ್ಟೂ ಸಣ್ಣ ಮಾತಲ್ಲ.