ಭರ್ಜಿಯ ಬಾಡಿಗೆಯಿಂದ ಗಂಟೆಯ ದರದವರೆಗೆ

ಬೆಳಗಿನ ಏಳು ಗಂಟೆ. ನಮ್ಮ ಯಾವುದೇ ಪಟ್ಟಣದ ದೊಡ್ಡ ವೃತ್ತದಲ್ಲಿ ನಿಂತು ನೋಡಿ. ಕರಣೆ, ಹಾರೆ, ಬಣ್ಣದ ಬ್ರಷ್ಷು ಹಿಡಿದ ಜನ ಗುಂಪಾಗಿ ಕಾಯುತ್ತಿರುತ್ತಾರೆ. ಮೇಸ್ತ್ರಿಯೊಬ್ಬ ಬಂದು 'ಎಷ್ಟಕ್ಕೆ ಬರ್ತೀಯ?' ಎಂದು ಕೇಳುತ್ತಾನೆ. ಒಬ್ಬ ಒಂಬೈನೂರು ಎಂದರೆ ಪಕ್ಕದವನು ಎಂಟುನೂರು ಎನ್ನುತ್ತಾನೆ. ಎಂಟುನೂರರವನು ಗಾಡಿ ಹತ್ತುತ್ತಾನೆ. ಅದೇ ಊರಿನ ಮನೆಯೊಂದರಲ್ಲಿ ಕಂಪ್ಯೂಟರ್ ಮುಂದೆ ಕುಳಿತ ಪದವೀಧರ, ಎಂದೂ ಮುಖ ನೋಡದ ಅಮೆರಿಕದ ಗಿರಾಕಿಗೆ ಗಂಟೆಗೆ ಎಂಟು ಡಾಲರ್ ಎಂದು ಬರೆಯುತ್ತಾನೆ. ಬೇರೆ ಯಾರೋ ಆರಕ್ಕೇ ಒಪ್ಪಿರಬಹುದೆಂಬ ಅಳುಕಿನಿಂದ ಅದನ್ನು ಅಳಿಸಿ ಏಳು ಮಾಡುತ್ತಾನೆ.

ಇಬ್ಬರ ಸಲಕರಣೆ ಬೇರೆ, ಸಂಕಟ ಒಂದೇ. ಒಡೆಯನಿಲ್ಲದೆ ದುಡಿಯುವವನಿಗೆ ಕೆಲಸ ಎಲ್ಲಿ ಸಿಗುತ್ತದೆ? ಅದರ ಬೆಲೆ ಕಟ್ಟುವವರು ಯಾರು? ಈ ಪ್ರಶ್ನೆಗಳಿಗೆ ಹಲವು ಶತಮಾನಗಳ ಇತಿಹಾಸವಿದೆ.

ಭರ್ಜಿಗಿಷ್ಟು ಸಂಬಳ

ಇಂತಹ ದುಡಿಮೆಗಾರನನ್ನು ಇಂಗ್ಲಿಷಿನಲ್ಲಿ 'ಫ್ರೀಲಾನ್ಸರ್' ಎನ್ನುತ್ತಾರೆ. 'ಲಾನ್ಸ್' ಎಂದರೆ ಕುದುರೆ ಸವಾರ ಹಿಡಿಯುವ ಉದ್ದನೆಯ ಭರ್ಜಿ. ಯಾವ ರಾಜನಿಗೂ ಕಟ್ಟುಬೀಳದೆ, ಹಣ ಕೊಟ್ಟವರ ಪರವಾಗಿ ಕಾದಾಡುವ ಯೋಧ ಎಂಬುದು ಇದರ ಮೂಲಾರ್ಥ. 1819ರ ಕೊನೆಯಲ್ಲಿ ಪ್ರಕಟವಾದ ವಾಲ್ಟರ್ ಸ್ಕಾಟ್‌ನ 'ಐವನ್‌ಹೋ' ಕಾದಂಬರಿಯಿಂದ ಈ ಮಾತು ಜನಪ್ರಿಯವಾಯಿತು.

ಅಂತಹ ಯೋಧರು ಕೇವಲ ಕಾದಂಬರಿಯ ಪಾತ್ರಗಳಲ್ಲ. 14ನೇ ಶತಮಾನದ ಇಟಲಿಯ ನಗರರಾಜ್ಯಗಳು ಬಾಡಿಗೆ ಸೈನ್ಯಗಳಿಂದಲೇ ಯುದ್ಧ ನಡೆಸುತ್ತಿದ್ದವು. ಸೇನಾನಾಯಕನೊಂದಿಗೆ ಆಗುತ್ತಿದ್ದ ಕರಾರಿಗೆ 'ಕೊಂಡೊಟ್ಟಾ' ಎಂದು ಹೆಸರು. ಎಷ್ಟು ಭರ್ಜಿ, ಎಷ್ಟು ಕಾಲ, ಎಷ್ಟು ಹಣ ಎಂಬುದೆಲ್ಲ ಅದರಲ್ಲಿ ಬರೆದಿರುತ್ತಿತ್ತು. ಇಲ್ಲಿ ಭರ್ಜಿ ಎಂದರೆ ಆಯುಧವಷ್ಟೇ ಅಲ್ಲ; ಒಬ್ಬ ಸವಾರ, ಅವನ ಸಹಾಯಕ ಮತ್ತು ಒಬ್ಬ ಹುಡುಗಾಳು ಸೇರಿದ ಮೂವರ ಘಟಕ. ಇಂದು 'ಗಂಟೆಗಿಷ್ಟು' ಎನ್ನುವಂತೆ ಅಂದು 'ಭರ್ಜಿಗಿಷ್ಟು' ಎಂದು ದರ ಹೇಳುತ್ತಿದ್ದರು.

ಇವರಲ್ಲಿ ಹೆಸರಾಂತವನು ಇಂಗ್ಲೆಂಡಿನ ಜಾನ್ ಹಾಕ್‌ವುಡ್. ಪೀಸಾ, ಮಿಲಾನ್, ಪೋಪ್, ಫ್ಲಾರೆನ್ಸ್ ಎಲ್ಲರ ಪರವಾಗಿಯೂ ಕತ್ತಿ ಹಿಡಿದವನು. 1375ರಲ್ಲಿ ತನ್ನ ಮೇಲೆ ದಾಳಿ ಮಾಡದಿರಲೆಂದೇ ಫ್ಲಾರೆನ್ಸ್ ನಗರ ಅವನಿಗೆ 1,30,000 ಚಿನ್ನದ ನಾಣ್ಯಗಳನ್ನು ತೆತ್ತಿತು. ಕೆಲಸ ಮಾಡದಿರುವುದಕ್ಕೂ ದರ ಕಟ್ಟಿದ ಚತುರ! ಅವನ ಬಳಿ ಸೈನ್ಯವಿತ್ತು, ಆದ್ದರಿಂದ ಚೌಕಾಸಿಯ ಬಲವೂ ಇತ್ತು. ಒಂಟಿ ದುಡಿಮೆಗಾರನಿಗೆ ಇಲ್ಲದಿರುವುದು ಈ ಬಲವೇ.

ಆರು ಪೌಂಡಿನ ಬಂಡವಾಳ

ಕಂಪ್ಯೂಟರ್ ಯುಗದಲ್ಲಿ ಈ ಪದಕ್ಕೆ ಹೊಸ ಅರ್ಥ ತಂದವರಲ್ಲಿ ಸ್ಟೆಫನಿ ಶರ್ಲಿ ಮುಖ್ಯರು. 1933ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಆಕೆ 1939ರಲ್ಲಿ ನಾಜಿಗಳಿಂದ ಪಾರಾಗಿ, ನಿರಾಶ್ರಿತ ಮಕ್ಕಳ ರೈಲಿನಲ್ಲಿ ಇಂಗ್ಲೆಂಡ್ ಸೇರಿದವರು. 1962ರಲ್ಲಿ ಕೇವಲ 6 ಪೌಂಡ್ ಬಂಡವಾಳದಿಂದ 'ಫ್ರೀಲಾನ್ಸ್ ಪ್ರೋಗ್ರಾಮರ್ಸ್' ಎಂಬ ಸಂಸ್ಥೆ ಕಟ್ಟಿದರು. ಮದುವೆ, ಬಾಣಂತನದ ಕಾರಣಕ್ಕೆ ನೌಕರಿ ಬಿಟ್ಟಿದ್ದ ನುರಿತ ಹೆಣ್ಣುಮಕ್ಕಳನ್ನು ಹುಡುಕಿ, ಅವರ ಮನೆಗೇ ಕೆಲಸ ತಲುಪಿಸುವುದು ಆಕೆಯ ಯೋಜನೆ. ಆ ಹೆಂಗಸರು ಕಾಗದ, ಪೆನ್ಸಿಲ್ ಹಿಡಿದು ಮನೆಯಲ್ಲೇ ಪ್ರೋಗ್ರಾಮ್ ಬರೆಯುತ್ತಿದ್ದರು. ಅಂದಿನ 'ನೆಟ್‌ವರ್ಕ್' ಎಂದರೆ ದೂರವಾಣಿ ಮತ್ತು ಅಂಚೆ.

ಕೆಲಸ ಹುಡುಕುವುದು ಸುಲಭವಾಗಿರಲಿಲ್ಲ. ಸ್ಟೆಫನಿ ಎಂದು ಸಹಿ ಮಾಡಿ ಕಂಪನಿಗಳಿಗೆ ಬರೆದ ಪತ್ರಗಳಿಗೆ ಉತ್ತರವೇ ಬರಲಿಲ್ಲ. ಗಂಡನ ಸಲಹೆಯಂತೆ 'ಸ್ಟೀವ್' ಎಂಬ ಗಂಡು ಹೆಸರಿನಲ್ಲಿ ಬರೆದಾಗ ಬಾಗಿಲುಗಳು ತೆರೆದವು. ಗಿರಾಕಿಯ ಕರೆ ಬಂದಾಗ ಮಗುವಿನ ಅಳು ಕೇಳಿಸಬಾರದೆಂದು ಬೆರಳಚ್ಚು ಯಂತ್ರದ ಸದ್ದನ್ನು ಧ್ವನಿಮುದ್ರಿಸಿ ಹಾಕುತ್ತಿದ್ದರು.

ಬೆಲೆಯ ಪ್ರಶ್ನೆ ಇನ್ನೂ ಕಠಿಣ. ಆಗ ತಂತ್ರಾಂಶವನ್ನು ಯಂತ್ರದ ಜೊತೆ ಪುಕ್ಕಟೆಯಾಗಿ ಕೊಡುವುದು ರೂಢಿ. ಐಬಿಎಂ ಕಂಪನಿ ಅದಕ್ಕೆ ಪ್ರತ್ಯೇಕ ಬೆಲೆ ಕಟ್ಟುವುದಾಗಿ ಸಾರಿದ್ದು 1969ರಲ್ಲಿ. ಅದಕ್ಕೂ ಏಳು ವರ್ಷ ಮೊದಲೇ ಶರ್ಲಿ ತಂತ್ರಾಂಶವನ್ನು ಮಾರಲು ಹೊರಟಿದ್ದರು. ಶಬ್ದಾತೀತ ವಿಮಾನ ಕಾಂಕಾರ್ಡ್‌ನ ಹಾರಾಟ ದಾಖಲಿಸುವ 'ಕಪ್ಪು ಪೆಟ್ಟಿಗೆ'ಯ ಪ್ರೋಗ್ರಾಮ್ ರೂಪುಗೊಂಡದ್ದು ಈ ಗೃಹಿಣಿಯರ ಮನೆಗಳಲ್ಲಿಯೇ. ಮೊದಲ 300 ಸಿಬ್ಬಂದಿಯಲ್ಲಿ 297 ಮಂದಿ ಮಹಿಳೆಯರು. ಮುಂದೆ ಸಂಸ್ಥೆಯ ಒಡೆತನದಲ್ಲೂ ನೌಕರರಿಗೆ ಪಾಲು ಸಿಕ್ಕಿ 70 ಮಂದಿ ಮಿಲಿಯನೇರ್‌ಗಳಾದರು. ಶರ್ಲಿ 2025ರಲ್ಲಿ ತೀರಿಕೊಂಡರು.

ಈ ಹೆಂಗಸರು ಮನೆಯಲ್ಲಿ ಒಂಟಿಯಾಗಿ ದುಡಿದರೂ ಬೆಲೆಯ ಮಾತಿನಲ್ಲಿ ಒಂಟಿಯಾಗಿರಲಿಲ್ಲ. ಗಿರಾಕಿಯೊಂದಿಗೆ ವ್ಯವಹರಿಸುತ್ತಿದ್ದುದು ಸಂಸ್ಥೆ.

ತಲೆಕೆಳಗಾದ ಹರಾಜು

ಅಂತರ್ಜಾಲ ಬಂದ ಮೇಲೆ ಮಧ್ಯವರ್ತಿಯೇ ಬೇಡವೆಂಬ ಆಸೆ ಮೂಡಿತು. 1998ರಲ್ಲಿ ಥಾಮಸ್ ಮಲೋನ್ ಮತ್ತು ರಾಬರ್ಟ್ ಲಾಬಾಕರ್ ಎಂಬ ಅಮೆರಿಕದ ವಿದ್ವಾಂಸರು 'ಹಾರ್ವರ್ಡ್ ಬಿಸಿನೆಸ್ ರಿವ್ಯೂ' ಪತ್ರಿಕೆಯಲ್ಲಿ 'ಇ-ಲಾನ್ಸ್' ಆರ್ಥಿಕತೆಯ ಉದಯವನ್ನು ಸಾರಿದರು. ಆ ಹೆಸರನ್ನೇ ಹಿಡಿದು ಭಾರತ ಮೂಲದ ಬೀರೂದ್ ಶೇಠ್ ಮತ್ತು ಶ್ರೀನಿವಾಸ್ ಅನುಮೋಲು 'ಇಲಾನ್ಸ್' ಕಂಪನಿ ಆರಂಭಿಸಿದರು. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಅಂತರ್ಜಾಲ ದೊರಕಿದ್ದು 1995ರ ಆಗಸ್ಟ್ 15ರಂದು. ಕೆಲವೇ ವರ್ಷಗಳಲ್ಲಿ ಭಾರತದ ತರುಣರೂ ಈ ಮಾರುಕಟ್ಟೆಗೆ ಇಳಿದರು.

ಇಲ್ಲಿನ ಪದ್ಧತಿ ತಲೆಕೆಳಗಾದ ಹರಾಜು. ಸಾಮಾನ್ಯ ಹರಾಜಿನಲ್ಲಿ ಬೆಲೆ ಏರುತ್ತದೆ, ಇಲ್ಲಿ ಇಳಿಯುತ್ತದೆ. ಅನಂತರ ಬಂದ 'ಓಡೆಸ್ಕ್' ಗಂಟೆಯ ಲೆಕ್ಕಕ್ಕೆ ಒತ್ತು ಕೊಟ್ಟಿತು. ದುಡಿಯುವವನ ಪರದೆಯ ಚಿತ್ರವನ್ನು ಗಂಟೆಗೆ ಆರು ಬಾರಿ ಸೆರೆಹಿಡಿದು ಗಿರಾಕಿಗೆ ತೋರಿಸಿತು. ನಮ್ಮ ಹಳ್ಳಿಗಾಡಿನ ಭಾಷೆಯಲ್ಲಿ ಹೇಳುವುದಾದರೆ ಒಂದು ಗುತ್ತಿಗೆ, ಇನ್ನೊಂದು ಕೂಲಿ. ಗುತ್ತಿಗೆಯಲ್ಲಿ ಕೆಲಸ ಬೆಳೆದರೆ ನಷ್ಟ, ಕೂಲಿಯಲ್ಲಿ ಕಣ್ಗಾವಲು. 2010ರಲ್ಲಿ ಬಂದ 'ಫೈವರ್' ಐದು ಡಾಲರಿನ ದರವನ್ನು ತನ್ನ ಹೆಸರಿನಲ್ಲಿಯೇ ಹೊತ್ತಿತ್ತು. ಇಲಾನ್ಸ್ ಮತ್ತು ಓಡೆಸ್ಕ್ ಒಂದಾಗಿ 2014ರಲ್ಲಿ ಗಂಟೆಗೆ 3 ಡಾಲರ್ ಕನಿಷ್ಠ ದರ ನಿಗದಿ ಮಾಡಿದವು. 2015ರಲ್ಲಿ ಅದು 'ಅಪ್‌ವರ್ಕ್' ಆಯಿತು.

ಹತ್ತು ಡಾಲರ್ ಎಷ್ಟು?

ದರ ಹೇಳುವಾಗ ಹೊಸಬರು ಎಡವುವುದು ಲೆಕ್ಕದಲ್ಲಿ. ಗಂಟೆಗೆ 10 ಡಾಲರ್ ಎಂದುಕೊಳ್ಳೋಣ. ವಾರಕ್ಕೆ 40 ಗಂಟೆ ಕುಳಿತರೂ ಕೆಲಸ ಹುಡುಕಲು, ಪತ್ರ ಬರೆಯಲು, ತಿದ್ದಲು 15 ಗಂಟೆ ಹೋದರೆ ಹಣ ಬರುವುದು 25 ಗಂಟೆಗೆ, ಅಂದರೆ 250 ಡಾಲರ್. ಅದರಲ್ಲಿ ಶೇ 10 ತಾಣದ ದಲ್ಲಾಳಿ ಕಳೆದರೆ 225. ಅದನ್ನು 40ರಿಂದ ಭಾಗಿಸಿದರೆ ನಿಜವಾದ ದರ 5 ಡಾಲರ್ 62 ಸೆಂಟ್. ಇನ್ನು ಕಂಪ್ಯೂಟರ್ ರಿಪೇರಿ, ಕರೆಂಟು ಬಿಲ್ಲು, ಕಾಯಿಲೆಯ ದಿನಗಳೆಲ್ಲ ಬೇರೆ. ಆದ್ದರಿಂದ ಪಕ್ಕದವನ ದರ ನೋಡಿ ಇಳಿಯುವುದಕ್ಕಿಂತ, ವರ್ಷದ ಒಟ್ಟು ಅಗತ್ಯವನ್ನು ಹಣ ಬರುವ ಗಂಟೆಗಳಿಂದ ಭಾಗಿಸಿ ದರ ಕಟ್ಟುವುದು ವಿವೇಕ.

ಕನ್ನಡದಲ್ಲಿ ಫ್ರೀಲಾನ್ಸ್ ಪತ್ರಕರ್ತನನ್ನು ಬಹುಕಾಲದಿಂದ 'ಹವ್ಯಾಸಿ ಪತ್ರಕರ್ತ' ಎನ್ನುತ್ತಾ ಬಂದಿದ್ದೇವೆ. ಹವ್ಯಾಸಕ್ಕೆ ಯಾರು ಸಂಬಳ ಕೊಡುತ್ತಾರೆ? ಹೊಟ್ಟೆಪಾಡಿನ ಕೆಲಸವನ್ನು ಹವ್ಯಾಸವೆಂದು ಕರೆದಾಗಲೇ ಅರ್ಧ ದರ ಇಳಿದಂತೆ.

ಕರ್ನಾಟಕ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕಾಯ್ದೆ ತಂದಿತು. ಕಾರ್ಮಿಕರಿಗೆ ಸಲ್ಲುವ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಂಪನಿಗಳಿಂದ ಕಲ್ಯಾಣ ಶುಲ್ಕ ಪಡೆಯಲು ಅದು ಅವಕಾಶ ಕೊಡುತ್ತದೆ. ಊಟ ತಲುಪಿಸುವವರು, ಕ್ಯಾಬ್ ಚಾಲಕರ ಹೋರಾಟ ಇದಕ್ಕೆ ಹಿನ್ನೆಲೆ. ಅವರು ರಸ್ತೆಯಲ್ಲಿ ಒಬ್ಬರಿಗೊಬ್ಬರು ಕಾಣುತ್ತಾರೆ, ಆದ್ದರಿಂದ ಗುಂಪುಗೂಡಿದರು.

ಪರದೆಯ ಮುಂದಿನವರಿಗೆ ಆ ಅನುಕೂಲವಿಲ್ಲ. 2008ರಲ್ಲಿ ಅಮೆರಿಕದಲ್ಲಿ 'ಟರ್ಕಾಪ್ಟಿಕಾನ್' ಎಂಬ ವ್ಯವಸ್ಥೆ ಹುಟ್ಟಿತು. ಅಮೆಜಾನ್‌ನ ಚಿಲ್ಲರೆ ಕೆಲಸಗಳ ಮಾರುಕಟ್ಟೆಯಲ್ಲಿ ಯಾವ ಗಿರಾಕಿ ಸರಿಯಾಗಿ ಹಣ ಕೊಡುತ್ತಾನೆ, ಯಾವನು ಸತಾಯಿಸುತ್ತಾನೆ ಎಂದು ದುಡಿಯುವವರೇ ಪರಸ್ಪರ ತಿಳಿಸುವ ಏರ್ಪಾಡು ಅದು. ವೃತ್ತದಲ್ಲಿ ನಿಂತ ಗಾರೆ ಕೆಲಸದವರು ಮನಸ್ಸು ಮಾಡಿದರೆ 'ಇಷ್ಟಕ್ಕಿಂತ ಕಡಿಮೆಗೆ ಯಾರೂ ಹೋಗಬೇಡಿ' ಎಂದು ತಮ್ಮಲ್ಲೇ ಮಾತಾಡಿಕೊಳ್ಳಬಲ್ಲರು. ಅಂತರ್ಜಾಲದ ದುಡಿಮೆಗಾರನಿಗೆ ದೂರದ ಗಿರಾಕಿ ಸಿಕ್ಕಿದ್ದಾನೆ, ಪಕ್ಕದಲ್ಲಿ ನಿಂತವನು ಇನ್ನೂ ಸಿಗಬೇಕಾಗಿದೆ.