ಕಾಡು ಸೇರಿದವರು

ಗುಲಾಮರ ವ್ಯಾಪಾರವನ್ನೂ ಅದರ ಅಂತ್ಯವನ್ನೂ ಜಗತ್ತು ನೆನೆಯುವ ದಿನ ಆಗಸ್ಟ್ 23. ಯಲ್ಲಾಪುರ, ಶಿರಸಿಯ ಕಾಡಂಚಿನ ಸಿದ್ದಿಗಳಿಗೆ ಬಿಡುಗಡೆಯ ದಿನ ಯಾವುದು?

ಪೋರ್ಚುಗೀಸರು ಪೂರ್ವ ಆಫ್ರಿಕದಿಂದ ಹಿಡಿದು ತಂದು ಗೋವೆಯಲ್ಲಿ ಮಾರಿದವರ ಸಂತತಿ ಇವರಲ್ಲಿದೆ. ಕಂಪನಿ ಸರ್ಕಾರದ ಪ್ರದೇಶಗಳಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರಲ್ಲಿ. ಅನೇಕರು ಯಾವ ಕಾನೂನಿಗೂ ಕಾಯದೆ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದ್ದರು.

ಕಾಡಿನಲ್ಲಿ ಪ್ರಾಣ ಉಳಿಯಿತು, ಭೂಮಿ ಸಿಗಲಿಲ್ಲ. ಮದುವೆಗೋ ಮಳೆಗಾಲದ ಅಕ್ಕಿಗೋ ಸಾಲ; ಸಾಲಕ್ಕೆ ಒಡೆಯರ ಅಡಿಕೆ ತೋಟದಲ್ಲಿ ಜೀತ. (ಒಡೆಯ ಎಂಬ ಪದವೂ ಉಳಿದುಕೊಂಡಿತು.) ಜೀತ ನಿಷೇಧ ಕಾಯ್ದೆ ಬಂದದ್ದು 1976ರಲ್ಲಿ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ 2020.

ಹಜ್ರತ್ ಬಿಲಾಲರನ್ನೂ ಮಲಿಕ್ ಅಂಬರನನ್ನೂ ನಾವು ಅಭಿಮಾನದಿಂದ ನೆನೆಯುತ್ತೇವೆ. ಬಸ್ಸಿನಲ್ಲಿ ಪಕ್ಕ ಕೂತ ಸಿದ್ದಿ ಹುಡುಗನನ್ನು ಮಾತ್ರ ‘ಯಾವ ದೇಶದವನಪ್ಪಾ?’ ಎಂದು ಕೇಳುತ್ತೇವೆ. ‘ಇಲ್ಲೇ, ಯಲ್ಲಾಪುರ’ ಎನ್ನುತ್ತಾನೆ, ಕನ್ನಡದಲ್ಲೇ.