ಕಬ್ಬಿಣದ ಕಡಲೆ ಮೆತ್ತಗಾದ ಕಥೆ

ಕಾಲೇಜಿನ ಗಣಿತದಲ್ಲಿ ವಿದ್ಯಾರ್ಥಿಗಳನ್ನು ಹೆಚ್ಚು ಹೆದರಿಸುವ ಭಾಗ ಯಾವುದು ಎಂದು ಕೇಳಿದರೆ ಅನೇಕರು ಹೇಳುವ ಹೆಸರು ಕ್ಯಾಲ್ಕುಲಸ್, ಅಂದರೆ ಕಲನಶಾಸ್ತ್ರ. ಈ ಭಯ ಇಂದಿನದಲ್ಲ. ಅದನ್ನು ಓಡಿಸಲು ನೂರು ವರ್ಷಗಳಿಗೂ ಹಿಂದೆಯೇ ಲಂಡನ್ನಿನ ಇಬ್ಬರು ಅಧ್ಯಾಪಕರು ಟೊಂಕ ಕಟ್ಟಿ ನಿಂತಿದ್ದರು. ಅವರು ಎಬ್ಬಿಸಿದ ವಿವಾದ ಪಾಠದ ವಿಧಾನಕ್ಕಷ್ಟೇ ಸೀಮಿತವಾಗಿರಲಿಲ್ಲ. ಈ ವಿದ್ಯೆ ಯಾರಿಗೆ ಸೇರಬೇಕು ಎಂಬ ಪ್ರಶ್ನೆಯೂ ಅದರಲ್ಲಿತ್ತು.

ಬದಲಾಗುತ್ತಿರುವುದರ ಲೆಕ್ಕವೇ ಕಲನ. ಓಡುವ ಬಂಡಿಯ ವೇಗ ಈ ಕ್ಷಣದಲ್ಲಿ ಎಷ್ಟು? ತೊಟ್ಟಿಗೆ ಬೀಳುವ ನೀರಿನ ರಭಸ ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದರೆ ಒಟ್ಟು ಸೇರಿದ ನೀರೆಷ್ಟು? ಇಂಥ ಎರಡು ಪ್ರಶ್ನೆಗಳಲ್ಲಿ ಅದರ ಸಾರವಿದೆ. 1665-66ರಲ್ಲಿ ನ್ಯೂಟನ್ ಇದನ್ನು ರೂಪಿಸಿದರು. ಸ್ವತಂತ್ರವಾಗಿ ಅದೇ ದಾರಿ ಕಂಡ ಲೈಬ್ನಿಟ್ಸ್ 1684ರಲ್ಲಿ ತಮ್ಮ ಮೊದಲ ಲೇಖನ ಪ್ರಕಟಿಸಿದರು. ಆದರೆ ಸೊನ್ನೆಯೂ ಅಲ್ಲದ, ಅಳತೆಗೂ ಸಿಗದ ಸೂಕ್ಷ್ಮ ಪ್ರಮಾಣಗಳನ್ನು ಬೇಕೆಂದಾಗ ಬಳಸಿ ಬೇಡವೆಂದಾಗ ಬಿಟ್ಟುಬಿಡುವುದು ಸರಿಯೇ ಎಂದು 1734ರಲ್ಲಿ ಬಿಷಪ್ ಜಾರ್ಜ್ ಬರ್ಕ್ಲಿ ಗೇಲಿ ಮಾಡಿದರು. 1821ರಲ್ಲಿ ಫ್ರಾನ್ಸಿನ ಕೋಶಿ ಪ್ರಕಟಿಸಿದ ಗ್ರಂಥ 'ಮಿತಿ' ಎಂಬ ಕಲ್ಪನೆಯ ಮೇಲೆ ಕಲನವನ್ನು ಮರಳಿ ಕಟ್ಟಿತು. ತಳಹದಿ ಭದ್ರವಾಯಿತು. ಹೊಸಬರಿಗೆ ಮಾತ್ರ ಹೊಸಿಲು ಎತ್ತರವಾಯಿತು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ವಿದ್ಯುತ್ ಯುಗ ಕಾಲಿಟ್ಟಿತು. ಸುರುಳಿಯಲ್ಲಿ ಹುಟ್ಟುವ ವಿದ್ಯುತ್ ಒತ್ತಡ, ಅದರ ಮೂಲಕ ಹಾಯುವ ಕಾಂತಪ್ರವಾಹ ಎಷ್ಟು ಬೇಗ ಬದಲಾಗುತ್ತದೆ ಎಂಬುದನ್ನು ಅವಲಂಬಿಸಿದೆ. ಹೀಗಾಗಿ ಡೈನಮೊ ತಯಾರಿಸುವವರಿಗೂ ಕಲನ ಬೇಕಾಯಿತು. ಆದರೆ ಇಂಗ್ಲೆಂಡಿನ ಶಾಲೆಗಳಲ್ಲಿ ಗಣಿತವೆಂದರೆ ಬಹುಮಟ್ಟಿಗೆ ಯೂಕ್ಲಿಡ್‌ನ ಪ್ರಮೇಯಗಳನ್ನು ಬಾಯಿಪಾಠ ಮಾಡುವುದೇ ಆಗಿತ್ತು.

ಈ ಹಿನ್ನೆಲೆಯಲ್ಲಿ ಬೆಳೆದದ್ದು ಲಂಡನ್ನಿನ ಫಿನ್ಸ್‌ಬರಿ ತಾಂತ್ರಿಕ ಕಾಲೇಜು. ಹಗಲು ತರಗತಿಗಳ ಜತೆಗೆ, ದುಡಿಯುವವರಿಗಾಗಿ ಸಂಜೆ ತರಗತಿಗಳೂ ಅಲ್ಲಿದ್ದವು. ಜಪಾನಿನಲ್ಲಿ ಎಂಜಿನಿಯರಿಂಗ್ ಕಲಿಸಿ ಬಂದಿದ್ದ ಜಾನ್ ಪೆರ್ರಿ 1882ರಲ್ಲಿ ಅಲ್ಲಿ ಪ್ರಾಧ್ಯಾಪಕರಾದರು. ಚೌಕುಳಿ ಕಾಗದದ ಮೇಲೆ ರೇಖೆ ಎಳೆದು, ಅದರ ಏರಿಳಿತ ನೋಡಿ ಬದಲಾವಣೆಯ ದರವನ್ನು ಕಣ್ಣಾರೆ ಕಾಣಬೇಕು ಎಂಬುದು ಅವರ ಪದ್ಧತಿ. 1897ರಲ್ಲಿ ಎಂಜಿನಿಯರುಗಳಿಗಾಗಿ ಬರೆದ ಕಲನದ ಪುಸ್ತಕದಲ್ಲಿ ಅವರು ಒಂದು ಇಡೀ ಅಧ್ಯಾಯಕ್ಕೆ 'ಚಕ್ರಬಡ್ಡಿ ನಿಯಮ'ದ ಹೆಸರು ಕೊಟ್ಟರು. ಇರುವ ಮೊತ್ತ ದೊಡ್ಡದಾದಷ್ಟೂ ಬೆಳವಣಿಗೆಯೂ ಹೆಚ್ಚು; ಸಾಲ ಮಾಡಿದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

1901ರಲ್ಲಿ ಗ್ಲಾಸ್ಗೊದ ಬ್ರಿಟಿಷ್ ಅಸೋಸಿಯೇಷನ್ ಸಮ್ಮೇಳನದಲ್ಲಿ ಪೆರ್ರಿ ಗಣಿತ ಬೋಧನೆಯನ್ನೇ ಪ್ರಶ್ನಿಸಿದರು. ಮೊದಲು ಬಳಕೆ, ಆಮೇಲೆ ಸಾಧನೆ ಎಂಬುದು ಅವರ ವಾದ. ಮರುವರ್ಷವೇ ಅಮೆರಿಕದ ಗಣಿತಜ್ಞ ಇ.ಎಚ್. ಮೂರ್ ಆ ವಿಚಾರಗಳನ್ನು ತಮ್ಮ ದೇಶದಲ್ಲಿ ಎತ್ತಿಹಿಡಿದರು. 1903ರಲ್ಲಿ ಕೇಂಬ್ರಿಜ್ ಕೂಡ ಪರೀಕ್ಷೆಯಲ್ಲಿ ಯೂಕ್ಲಿಡ್‌ನ ಕ್ರಮವನ್ನೇ ಅನುಸರಿಸಬೇಕೆಂಬ ಕಟ್ಟನ್ನು ಸಡಿಲಿಸಿತು.

ಅದೇ ಕಾಲೇಜಿಗೆ 1885ರಲ್ಲಿ ಪ್ರಾಂಶುಪಾಲರಾಗಿ ಬಂದವರು ಭೌತವಿಜ್ಞಾನಿ ಸಿಲ್ವೇನಸ್ ಥಾಂಪ್ಸನ್. 1910ರಲ್ಲಿ ಅವರು ಬರೆದ ಪುಟ್ಟ ಪುಸ್ತಕದ ಹೆಸರೇ 'ಕ್ಯಾಲ್ಕುಲಸ್ ಮೇಡ್ ಈಸಿ'. ಲೇಖಕರ ಹೆಸರಿನ ಜಾಗದಲ್ಲಿ ಇದ್ದದ್ದು ಎಫ್.ಆರ್.ಎಸ್. ಎಂಬ ಮೂರೇ ಅಕ್ಷರ. ಕಲನದ ಭಯಂಕರ ಚಿಹ್ನೆಗಳ ಗುಟ್ಟನ್ನು ಅವರು ಮೊದಲ ಅಧ್ಯಾಯದಲ್ಲೇ ಬಯಲು ಮಾಡಿದರು: 'ಡಿ' ಎಂದರೆ ಒಂದು ಚೂರು, ಉದ್ದನೆಯ 'ಎಸ್' ಎಂದರೆ ಅಂಥ ಚೂರುಗಳ ಮೊತ್ತ.

ಥಾಂಪ್ಸನ್ ಬಳಸಿದ ಚೌಕದ ಚಿತ್ರವನ್ನು ಅಂಕಿಗಳಲ್ಲಿ ಹೀಗೆ ನೋಡಬಹುದು. 10 ಅಡಿ ಉದ್ದ, 10 ಅಡಿ ಅಗಲದ ಅಂಗಳದ ವಿಸ್ತೀರ್ಣ 100 ಚದರ ಅಡಿ. ಉದ್ದ, ಅಗಲ ಎರಡನ್ನೂ 0.01 ಅಡಿ ಹೆಚ್ಚಿಸಿದರೆ ಅದು 100.2001 ಆಗುತ್ತದೆ. ಎರಡು ಅಂಚುಗಳಲ್ಲಿ ಸೇರಿದ ಪಟ್ಟಿಗಳು ತಲಾ 0.1 ಚದರ ಅಡಿ. ಮೂಲೆಯ ಚೂರು ಬರೀ 0.0001. ಹೆಚ್ಚಳ ಕಿರಿದಾದಷ್ಟೂ ಮೂಲೆಯ ಚೂರು ಇನ್ನೂ ಬೇಗ ಕರಗುತ್ತದೆ. ಅದನ್ನು ಬಿಟ್ಟರೆ, ಬದಿ ಬೆಳೆದುದರ 20 ಪಟ್ಟು ವಿಸ್ತೀರ್ಣ ಬೆಳೆದಿದೆ. ಆ 20, ಬದಿಯ ಎರಡರಷ್ಟು. ಕಲನದ ಮೊದಲ ಪಾಠ ಇಷ್ಟೇ.

ಬರ್ಕ್ಲಿ ಆಕ್ಷೇಪಿಸಿದ್ದು ಹೀಗೆ ಚೂರನ್ನು ಕೈಬಿಡುವುದನ್ನೇ. ಶುದ್ಧ ಗಣಿತದ ದೃಷ್ಟಿಯಲ್ಲಿ ಆ ಆಕ್ಷೇಪ ಸುಳ್ಳಲ್ಲ. ಬಳಕೆ ಬಲ್ಲವನು ಕಾರಣ ತಿಳಿಯದೆ ಎಡವುವ ಸಂಭವವೂ ಇದೆ. ಆದರೆ ಮುಂದೆ ಅಬ್ರಹಾಂ ರಾಬಿನ್ಸನ್ ಆಧುನಿಕ ತರ್ಕಶಾಸ್ತ್ರದ ನೆರವಿನಿಂದ ಸೂಕ್ಷ್ಮ ಪ್ರಮಾಣಗಳಿಗೂ ಕಟ್ಟುನಿಟ್ಟಾದ ಅಡಿಪಾಯವಿದೆ ಎಂದು ತೋರಿಸಿದರು. ಆ ಕುರಿತ ಅವರ ಗ್ರಂಥ 1966ರಲ್ಲಿ ಬಂತು. ಅಷ್ಟರವರೆಗೆ ಕಾಯುವ ವ್ಯವಧಾನ ಡೈನಮೊ ತಯಾರಿಸುವವರಿಗೆ ಎಲ್ಲಿತ್ತು?

ಥಾಂಪ್ಸನ್ 1916ರಲ್ಲಿ, ಪೆರ್ರಿ 1920ರಲ್ಲಿ ತೀರಿಕೊಂಡರು. ಫಿನ್ಸ್‌ಬರಿ ಕಾಲೇಜು 1926ರಲ್ಲಿ ಮುಚ್ಚಿತು. ಪುಸ್ತಕ ಮಾತ್ರ ಉಳಿಯಿತು. 1998ರಲ್ಲಿ ಮಾರ್ಟಿನ್ ಗಾರ್ಡ್ನರ್ ಅದನ್ನು ಪರಿಷ್ಕರಿಸಿ ಹೊರತಂದರು. ಸಾಧನೆಯನ್ನು ಬಾಗಿಲಲ್ಲೇ ನಿಲ್ಲಿಸಿದರೆ ಒಳಗೆ ಬರುವವರು ಕೆಲವರೇ. ಬಳಕೆಯಿಂದ ಒಳಗೆ ಕರೆದರೆ, ಸಾಧನೆಯನ್ನು ಕೇಳುವ ಕುತೂಹಲ ತಾನಾಗಿ ಹುಟ್ಟೀತು ಎಂಬುದು ಆ ಇಬ್ಬರ ನಂಬಿಕೆಯಾಗಿತ್ತು. ಕಬ್ಬಿಣದ ಕಡಲೆಯೆಂದು ಪುಸ್ತಕ ಮುಚ್ಚಿಡುವ ವಿದ್ಯಾರ್ಥಿಗಳು ಇರುವವರೆಗೆ ಆ ನಂಬಿಕೆಗೆ ಕೆಲಸವಿದ್ದೇ ಇರುತ್ತದೆ.